ವಿದ್ಯುತ್ ಗಿಟಾರಿನ ನಾದ: ಅಲ್ಪವ್ಯಯದಲ್ಲಿ ಅದನ್ನು ತಿದ್ದುವ ಬಗೆ

ಹೊಸದಾಗಿ ವಿದ್ಯುತ್ ಗಿಟಾರನ್ನು ಕೊಂಡು ಮನೆಯಲ್ಲಿ ಅಭ್ಯಾಸಮಾಡತೊಡಗಿದ ತರುಣರಲ್ಲಿ ಬಹುಮಂದಿಯ ದೂರು ಒಂದೇ ಬಗೆಯದು. ಧ್ವನಿಮುದ್ರಣಗಳಲ್ಲಿ ಕೇಳಿದ ತುಂಬುನಾದ ತಮ್ಮ ವಾದ್ಯದಿಂದ ಹೊರಡುವುದಿಲ್ಲ. ಹೊರಡುವುದು ತೆಳ್ಳಗಿನ, ಇಲ್ಲವೆ ಕರ್ಕಶವಾದ, ಇಲ್ಲವೆ ಕಂಬಳಿ ಹೊದಿಸಿದಂತೆ ಮಂಕಾದ ಸದ್ದು. ವಾದ್ಯ ಅಗ್ಗದ್ದಾಗಿರುವುದೇ ಇದಕ್ಕೆ ಕಾರಣವೆಂದು ಅವರು ತೀರ್ಮಾನಿಸುತ್ತಾರೆ. ಅದನ್ನು ಅರ್ಧಬೆಲೆಗೆ ಮಾರಿ, ಸಾಲವನ್ನಾದರೂ ಮಾಡಿ, ಹೆಚ್ಚು ಬೆಲೆಯ ಇನ್ನೊಂದನ್ನು ಕೊಳ್ಳಲು ಹೊರಡುತ್ತಾರೆ. ಈ ತೀರ್ಮಾನ ಸರಿಯೇ ಎಂಬುದು ಸಂಗೀತಗಾರನಿಗಿಂತ ಮೊದಲು ಭೌತವಿಜ್ಞಾನಿ ಉತ್ತರಿಸಬೇಕಾದ ಪ್ರಶ್ನೆ. ಬೆರಳಿನಿಂದ ಹೊರಟು ಕಿವಿಯನ್ನು ಮುಟ್ಟುವವರೆಗೆ ಈ ವಾದ್ಯದ ನಾದ ತಂತಿ, ಅಯಸ್ಕಾಂತ, ಸುರುಳಿ, ಕೇಬಲು, ಆಂಪ್ಲಿಫಯರು, ಧ್ವನಿವರ್ಧಕ, ಕೋಣೆ ಎಂಬ ಹಲವು ಕೊಂಡಿಗಳನ್ನು ಹಾದುಬರುತ್ತದೆ. ನಾದ ಕೆಡುವುದು ಹೆಚ್ಚಾಗಿ ಈ ಸರಪಳಿಯ ಎರಡು ತುದಿಗಳಲ್ಲಿ. ಆ ತುದಿಗಳನ್ನು ತಿದ್ದಲು ತಗಲುವ ಹಣವಾದರೋ ಬಹಳ ಸ್ವಲ್ಪ. ಈ ಮಾತನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಮೊದಲು, ಈ ವಾದ್ಯ ಕೆಲಸಮಾಡುವ ಬಗೆ. ವೀಣೆಯಲ್ಲಿ ತಂತಿಯ ಕಂಪನ ಕುದುರೆಯ ಮೂಲಕ ಮರದ ಕೊಡಕ್ಕಿಳಿದು, ಕೊಡದ ಹಲಗೆ ಗಾಳಿಯನ್ನು ಅಲುಗಿಸಿ ಶಬ್ದವನ್ನುಂಟುಮಾಡುತ್ತದೆ. ವಿದ್ಯುತ್ ಗಿಟಾರಿನ ಗಟ್ಟಿಮರದ ಒಡಲಿಗೆ ಈ ಕೆಲಸವಿಲ್ಲ. ಅದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳನ್ನೂ, ಅವುಗಳ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದ ಸುರುಳಿಯನ್ನೂ ಇಟ್ಟಿರುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಅಯಸ್ಕಾಂತದ ಸಾಮೀಪ್ಯದಿಂದ ಉಕ್ಕಿನ ತಂತಿಯೂ ಅಯಸ್ಕಾಂತೀಯವಾಗುತ್ತದೆ. ಅದು ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಏರಿಳಿಯುತ್ತದೆ. ಆ ಏರಿಳಿತಕ್ಕೆ ಅನುಗುಣವಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ ಈ ತತ್ತ್ವವನ್ನು ಕಂಡುಹಿಡಿದುದು 1831ರಲ್ಲಿ. ಸರಿಯಾಗಿ ನೂರು ವರ್ಷಗಳ ಮೇಲೆ, 1931ರಲ್ಲಿ, ಅಮೆರಿಕದ ಜಾರ್ಜ್ ಬ್ಯೂಚಾಂಪ್ ಎಂಬಾತ ಅದನ್ನೇ ಗಿಟಾರಿಗೆ ಅಳವಡಿಸಿದ. ಬಾಣಲೆಯ ಆಕಾರದಲ್ಲಿದ್ದುದರಿಂದ ಆ ವಾದ್ಯಕ್ಕೆ ಹುರಿಯುವ ಬಾಣಲೆಯೆಂದೇ ಅಡ್ಡಹೆಸರು ಬಂತು. ಇಂದಿಗೂ ತಯಾರಾಗುತ್ತಿರುವ ಫೆಂಡರ್ ಸ್ಟ್ರಾಟೊಕಾಸ್ಟರ್ 1954ರಲ್ಲೂ ಗಿಬ್ಸನ್ ಲೆಸ್ ಪಾಲ್ 1952ರಲ್ಲೂ ಹೊರಬಂದವು; ಈಗ ಅಂಗಡಿಗಳಲ್ಲಿ ಕಾಣುವ ಅಗ್ಗದ ಗಿಟಾರುಗಳಲ್ಲಿ ಬಹುಪಾಲು ಈ ಎರಡರ ಅನುಕರಣಗಳೇ.

ಪಿಕಪ್ ಗಾಳಿಯ ಶಬ್ದವನ್ನು ಕೇಳುವುದಿಲ್ಲ, ತಂತಿಯ ಚಲನೆಯನ್ನು ಮಾತ್ರ ಗ್ರಹಿಸುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು. ಒಡಲಿನ ಮರ ಯಾವ ಜಾತಿಯದು ಎಂಬ ವಾದ ಗಿಟಾರುಪ್ರಿಯರಲ್ಲಿ ಮುಗಿಯುವಂತೆ ತೋರುವುದಿಲ್ಲ. ಆ ವಾದಕ್ಕೆ ನಾವು ಇಳಿಯುವುದಿಲ್ಲ. ಮುಂದೆ ಹೇಳುವ ಸಂಗತಿಗಳ ಪರಿಣಾಮದ ಮುಂದೆ ಮರದ ಪರಿಣಾಮ ಅಲ್ಪವೆಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ತಂತಿಯನ್ನು ಮಿಡಿದಾಗ ಅದು ಒಂದೇ ಕಂಪನಾಂಕದಿಂದ ಅಲುಗುವುದಿಲ್ಲ. ಗಿಟಾರಿನ ಅತಿ ದಪ್ಪನೆಯ ತಂತಿಯ ಮೂಲಸ್ವರ ಸೆಕೆಂಡಿಗೆ ಸುಮಾರು 82 ಕಂಪನಗಳದು. ಅದರೊಡನೆ 164, 246, 328 ಹೀಗೆ ಇಮ್ಮಡಿ ಮುಮ್ಮಡಿ ಕಂಪನಾಂಕಗಳ ಉಪಸ್ವರಗಳೂ ಕೂಡಿರುತ್ತವೆ. ಈ ಉಪಸ್ವರಗಳ ಬೆರಕೆಯ ಪ್ರಮಾಣವೇ ನಾದಗುಣ. ತಂತಿಯನ್ನು ಮಿಡಿದ ಬಿಂದು ಯಾವ ಉಪಸ್ವರಕ್ಕೆ ನಿಸ್ಪಂದಬಿಂದುವೋ ಆ ಉಪಸ್ವರ ಹುಟ್ಟುವುದಿಲ್ಲವೆಂದು ಇಂಗ್ಲೆಂಡಿನ ತಾಮಸ್ ಯಂಗ್ ತೋರಿಸಿದ. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬಿಡಿತಂತಿಯನ್ನು ಸರಿಯಾಗಿ ನಡುವೆ, ಎಂದರೆ ಹನ್ನೆರಡನೆಯ ಮೆಟ್ಟಿಲ ಮೇಲೆ ಮಿಡಿದರೆ ಸಮಸಂಖ್ಯೆಯ ಉಪಸ್ವರಗಳೆಲ್ಲ ಅಡಗಿ ಕೊಳಲನ್ನು ಹೋಲುವ ಟೊಳ್ಳುನಾದ ಕೇಳುತ್ತದೆ. ಮಿಡಿಯುವ ಕೈಯನ್ನು ಅಂಗುಲ ಅಂಗುಲವಾಗಿ ಕುದುರೆಯತ್ತ ಸರಿಸಿದಂತೆ ನಾದ ಚುರುಕಾಗುತ್ತ ಹೋಗಿ ಕೊನೆಗೆ ತಗಡಿನಂತಾಗುತ್ತದೆ. ಹೊಸಬರು ಕೈಯನ್ನು ಒಂದೆಡೆ ಊರಿ ಅಲ್ಲಿಂದ ಕದಲಿಸುವುದೇ ಇಲ್ಲ. ಕಾಸು ಖರ್ಚಿಲ್ಲದ ಮೊದಲನೆಯ ಸುಧಾರಣೆ ಇಲ್ಲಿಯೇ ಇದೆ.

ಯಂಗನ ಈ ನಿಯಮಕ್ಕೆ ನಮ್ಮ ವೀಣೆ ತಂಬೂರಿಗಳು ವಶವಾಗುವುದಿಲ್ಲವೆಂಬುದನ್ನು ಪ್ರಸಂಗವಶಾತ್ ಹೇಳಬಹುದು. ಅವುಗಳ ಕುದುರೆಯ ಮೇಲ್ಮೈ ಬಾಗಿದ್ದು, ತಂತಿ ಅದನ್ನು ಸವರಿಕೊಂಡು ಕಂಪಿಸುವುದರಿಂದ, ನಿಸ್ಪಂದಬಿಂದುವಿನಲ್ಲಿ ಮಿಡಿದರೂ ಆ ಉಪಸ್ವರ ಕೇಳಿಬರುತ್ತದೆ. 1921ರಲ್ಲಿ ಕಲ್ಕತ್ತೆಯಲ್ಲಿದ್ದ ಸಿ. ವಿ. ರಾಮನ್ನರು ಇದನ್ನು ಪ್ರಕಟಿಸಿದರು. ಗಿಟಾರಿನ ಕುದುರೆ ಚೂಪಾದುದರಿಂದ ಅದಕ್ಕೆ ಈ ಭಾಗ್ಯವಿಲ್ಲ. ನಿಯಮ ಅದನ್ನು ಬಿಡುವುದಿಲ್ಲ.

ಮಿಡಿತಕ್ಕೆ ಅನ್ವಯಿಸುವ ಮಾತು ಪಿಕಪ್ಪಿಗೂ ಅನ್ವಯಿಸುತ್ತದೆ. ಸ್ಟ್ರಾಟೊಕಾಸ್ಟರ್ ಮಾದರಿಯಲ್ಲಿ ಕತ್ತಿನ ಬಳಿಯ ಪಿಕಪ್ ಬಿಡಿತಂತಿಯ ಉದ್ದದ ಕಾಲುಭಾಗದಲ್ಲಿರುತ್ತದೆ. ಅಲ್ಲಿ ನಾಲ್ಕನೆಯ ಉಪಸ್ವರ ನಿಸ್ಪಂದವಾದುದರಿಂದ ಆ ಪಿಕಪ್ಪಿಗೆ ಅದು ಕಾಣಿಸದು. ಕುದುರೆಯ ಬಳಿಯ ಪಿಕಪ್ಪಿಗೆ ಮೇಲಿನ ಉಪಸ್ವರಗಳೇ ಎದ್ದು ಕಾಣುತ್ತವೆ. ಆಯ್ಕೆಯ ಗುಂಡಿಯನ್ನು ತಿರುಗಿಸುವುದೆಂದರೆ ತಂತಿಯನ್ನು ಬೇರೊಂದು ಕಿಟಕಿಯಿಂದ ನೋಡಿದಂತೆ.

ಪಿಕಪ್ಪಿನ ಎತ್ತರವನ್ನು ಎರಡು ತಿರುಪುಗಳಿಂದ ಹೊಂದಿಸಬಹುದೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಹತ್ತಿರವಾದಷ್ಟೂ ಸದ್ದು ಜೋರು ಎಂಬುದೇನೋ ನಿಜ. ಆದರೆ ಅತಿ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನು ತನ್ನತ್ತ ಜಗ್ಗಿ ಅದರ ಕಂಪನವನ್ನು ಕೆಡಿಸುತ್ತದೆ. ಶ್ರುತಿ ನಿಲ್ಲದೆ ತೂಗಾಡುತ್ತದೆ, ನಾದ ಬೇಗ ಆರಿಹೋಗುತ್ತದೆ. ಕೊನೆಯ ಮೆಟ್ಟಿಲಲ್ಲಿ ತಂತಿಯನ್ನು ಒತ್ತಿಹಿಡಿದು, ತಂತಿಗೂ ಪಿಕಪ್ಪಿಗೂ ನಡುವೆ 2ರಿಂದ 3 ಮಿಲಿಮೀಟರ್ ಅಂತರವಿರುವಂತೆ ಮಾಡಿಕೊಂಡು, ಅಲ್ಲಿಂದ ಕಾಲುಸುತ್ತಿನಷ್ಟು ಹಿಂದೆ ಮುಂದೆ ತಿರುಗಿಸಿ ಕಿವಿಯಿಂದ ನಿರ್ಧರಿಸಬೇಕು. ದಪ್ಪತಂತಿಗಳ ಕಡೆ ಅಂತರ ಸ್ವಲ್ಪ ಹೆಚ್ಚಿರಲಿ.

ತಂತಿಗಳ ವಿಷಯ ಚಿಕ್ಕದು. ಬೆವರೂ ಕೊಳೆಯೂ ದಪ್ಪತಂತಿಗಳ ಸುತ್ತಿನ ಸಂದುಗಳಲ್ಲಿ ಸೇರಿಕೊಂಡು ಮೇಲಿನ ಉಪಸ್ವರಗಳನ್ನು ಹೀರಿಬಿಡುತ್ತವೆ. ಕರಾವಳಿಯ ಆರ್ದ್ರ ಹವೆಯಲ್ಲಿ ತುಕ್ಕು ಬೇರೆ. ಒಂದು ವರ್ಷದ ಹಳೆಯ ತಂತಿಗಳ ಮೇಲೆ ನುಡಿಸುತ್ತ ಗಿಟಾರನ್ನು ಬೈಯುವುದು ನ್ಯಾಯವಲ್ಲ. ಹೊಸ ಜೊತೆಗೆ ಕೆಲವು ನೂರು ರೂಪಾಯಿ ಸಾಕು. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರಸಿಟ್ಟರೆ ಅವು ಬಹಳ ಕಾಲ ಬರುತ್ತವೆ.

ಈಗ ಬಹುಮಂದಿ ಲಕ್ಷ್ಯಕ್ಕೇ ತಾರದ ಕೊಂಡಿಗೆ ಬರೋಣ: ಗಿಟಾರನ್ನು ಆಂಪ್ಲಿಫಯರಿಗೆ ಕೂಡಿಸುವ ಕೇಬಲು. ಅದು ಕೇವಲ ವಿದ್ಯುತ್ತನ್ನು ಸಾಗಿಸುವ ಕೊಳವೆಯಲ್ಲ. ಒಳಗಿನ ತಂತಿಗೂ ಹೊರಗಿನ ಹೆಣಿಗೆಯ ಕವಚಕ್ಕೂ ನಡುವೆ ನಿರೋಧಕವಿರುವುದರಿಂದ ಇಡೀ ಕೇಬಲು ಒಂದು ಧಾರಕವಾಗುತ್ತದೆ. ಸಾಮಾನ್ಯವಾದ ಕೇಬಲಿನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡಿನಷ್ಟು ಧಾರಕತೆ ಇರುತ್ತದೆ. ಇತ್ತ ಪಿಕಪ್ಪಿನ ಸುರುಳಿಗೆ ಎರಡು ಮೂರು ಹೆನ್ರಿಗಳಷ್ಟು ಪ್ರೇರಕತೆಯುಂಟು. ಪ್ರೇರಕವೂ ಧಾರಕವೂ ಕೂಡಿದೆಡೆ ಅನುನಾದ ಅನಿವಾರ್ಯ. ರೇಡಿಯೋವನ್ನು ಬೇಕಾದ ನಿಲಯಕ್ಕೆ ಹೊಂದಿಸುವಾಗ ನಾವು ಬಳಸುವುದು ಇದೇ ವಿದ್ಯಮಾನವನ್ನು. ಗಿಟಾರಿನಲ್ಲಿ ಈ ಅನುನಾದದ ಕಂಪನಾಂಕದ ಸುತ್ತಣ ಉಪಸ್ವರಗಳು ಉಬ್ಬಿ ಕಾಣಿಸಿಕೊಳ್ಳುತ್ತವೆ. ಅದಕ್ಕೆ ಮೇಲಿನವು ಕ್ಷಿಪ್ರವಾಗಿ ಕ್ಷೀಣಿಸುತ್ತವೆ. ವಾದ್ಯದ ‘ದನಿ’ಯೆಂದು ನಾವು ಗುರುತಿಸುವುದರಲ್ಲಿ ಬಹುಭಾಗ ಈ ಉಬ್ಬಿನ ಸ್ಥಾನವೇ.

ಲೆಕ್ಕ ಹಾಕಿ ನೋಡೋಣ. ಸುರುಳಿಯ ಪ್ರೇರಕತೆ 2.5 ಹೆನ್ರಿ, ಸುರುಳಿಯದೇ ಆದ ಧಾರಕತೆ 100 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. 3 ಮೀಟರ್ ಕೇಬಲಿನೊಡನೆ ಒಟ್ಟು ಧಾರಕತೆ 400 ಆಗಿ, ಅನುನಾದ ಸೆಕೆಂಡಿಗೆ ಸುಮಾರು 5000 ಕಂಪನಗಳಲ್ಲಿ ಬೀಳುತ್ತದೆ. ಕೇಬಲನ್ನು 5 ಮೀಟರ್ ಮಾಡಿದರೆ ಅದು 4100ಕ್ಕೂ, 10 ಮೀಟರ್ ಮಾಡಿದರೆ 3000ಕ್ಕೂ ಇಳಿಯುತ್ತದೆ. ಎಂದರೆ ಗಿಟಾರನ್ನು ಮುಟ್ಟದೆ ಬರಿಯ ಕೇಬಲನ್ನು ಬದಲಿಸಿ ನಾದವನ್ನು ಹೊಳಪಿನಿಂದ ಮಂಕಿಗೆ, ಮಂಕಿನಿಂದ ಹೊಳಪಿಗೆ ಒಯ್ಯಬಹುದು. ನಿಮ್ಮ ವಾದ್ಯ ಕಿವಿಗೆ ಚುಚ್ಚುವಂತಿದ್ದರೆ ಉದ್ದನೆಯ ಕೇಬಲೇ ಔಷಧ, ಮಂಕಾಗಿದ್ದರೆ ಗಿಡ್ಡನೆಯದು. ಚಿನ್ನದ ಲೇಪದ ತುದಿಗಳಿಗೆ ತೆರುವ ಹಣದಿಂದ ಈ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ.

ನಮ್ಮ ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಮನೆಪಾಠ ಹೇಳಿ ಕೂಡಿಟ್ಟ ಹಣದಲ್ಲಿ ಗಿಟಾರೊಂದನ್ನು ಕೊಂಡಿದ್ದ. ಅದರ ಮಂಕುನಾದದಿಂದ ಬೇಸತ್ತು ಮಾರಲು ನಿಶ್ಚಯಿಸಿದಾಗ, ಅದನ್ನೊಮ್ಮೆ ಪ್ರಯೋಗಶಾಲೆಗೆ ತರುವಂತೆ ಹೇಳಿದೆವು. ಅವನ ಕೋಣೆ 3 ಮೀಟರ್ ಉದ್ದದ್ದು, ಕೇಬಲು 10 ಮೀಟರಿನದು. ಅಷ್ಟೇ ಅಲ್ಲದೆ, ಆಂಪ್ಲಿಫಯರಿಗೆ ಹಣ ಸಾಲದೆ ಅವನು ಗಿಟಾರನ್ನು ಮನೆಯ ಸಂಗೀತಯಂತ್ರದ ಹಿಂಬದಿಯ ಸಾಮಾನ್ಯ ರಂಧ್ರಕ್ಕೆ ನೇರವಾಗಿ ಸಿಕ್ಕಿಸಿ ನುಡಿಸುತ್ತಿದ್ದ. ಮಂಕಿನ ಮೂಲ ಮುಖ್ಯವಾಗಿ ಇದರಲ್ಲಿತ್ತು. ಗಿಟಾರು ಆಂಪ್ಲಿಫಯರಿನ ಪ್ರವೇಶರೋಧ ಸಾಮಾನ್ಯವಾಗಿ ಹತ್ತು ಲಕ್ಷ ಓಮ್. ಅಂಥ ಸಂಗೀತಯಂತ್ರಗಳದ್ದು ಕೆಲವು ಹತ್ತು ಸಾವಿರ ಓಮ್ ಮಾತ್ರ, ಕೆಲವೊಮ್ಮೆ ಬರಿಯ 10,000. ಸುರುಳಿಯ ಪ್ರೇರಕತೆ ಕಂಪನಾಂಕದೊಡನೆ ಹೆಚ್ಚುವ ತಡೆಯೊಡ್ಡುತ್ತದಾದ್ದರಿಂದ, 10,000 ಓಮಿನ ಹೊರೆಯ ಮೇಲೆ ಸೆಕೆಂಡಿಗೆ 1000 ಕಂಪನಗಳ ಸುಮಾರಿನಿಂದಲೇ ಮೇಲಿನ ಉಪಸ್ವರಗಳು ಸುರುಳಿಯೊಳಗೆ ಉಳಿದುಹೋಗುತ್ತವೆ. ಅನುನಾದದ ಉಬ್ಬಿನ ಸುಳಿವೇ ಇರುವುದಿಲ್ಲ. ಹೆಚ್ಚಿನ ಪ್ರವೇಶರೋಧದ ಚಿಕ್ಕ ಮಧ್ಯವರ್ತಿ ಮಂಡಲವೊಂದನ್ನು, ಒಂದು ಟ್ರಾನ್ಸಿಸ್ಟರು, ನಾಲ್ಕಾರು ರೋಧಕಗಳು, 9 ವೋಲ್ಟಿನ ಒಂದು ಬ್ಯಾಟರಿಯಿಂದ ಅವನೇ ಬೆಸೆದು ರಚಿಸಿದ. 3 ಮೀಟರಿನ ಕೇಬಲೂ ಆ ಮಂಡಲವೂ ಸೇರಿ ಆದ ಖರ್ಚು ಒಂದು ಜೊತೆ ಚಪ್ಪಲಿಯ ಬೆಲೆಗಿಂತ ಕಡಿಮೆ. ಗಿಟಾರು ಇನ್ನೂ ಅವನಲ್ಲಿಯೇ ಇದೆ. ಕಂಪ್ಯೂಟರಿಗೆ ಕೂಡಿಸಿ ನುಡಿಸುವವರಿಗೂ ಇದೇ ಮಾತು: ವಾದ್ಯಕ್ಕೆಂದೇ ಇರುವ ಹೆಚ್ಚುರೋಧದ ರಂಧ್ರವನ್ನೇ ಬಳಸಬೇಕು.

ಗಿಟಾರಿನ ಮೇಲಿನ ಸದ್ದಿನ ಗುಂಡಿಯನ್ನು ಇಳಿಸಿದಾಗ ಸದ್ದಿನೊಡನೆ ಹೊಳಪೂ ಇಳಿಯುವುದಕ್ಕೆ ಕಾರಣವೂ ಕೇಬಲಿನ ಧಾರಕತೆಯೇ. ಗುಂಡಿಯ ರೋಧ ಅದರೊಡನೆ ಸೇರಿ ಮೇಲಿನ ಉಪಸ್ವರಗಳನ್ನು ಸೋಸಿಬಿಡುತ್ತದೆ. 1000 ಪಿಕೋಫ್ಯಾರಡಿನ ಒಂದು ಸಣ್ಣ ಧಾರಕವನ್ನು ಆ ಗುಂಡಿಯ ಒಳಬರುವ ಮತ್ತು ಹೊರಹೋಗುವ ಕಡ್ಡಿಗಳ ನಡುವೆ ಬೆಸೆದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ.

ಆಂಪ್ಲಿಫಯರಿನ ವಿಷಯದಲ್ಲಿ ಜನ ವಾಟುಗಳ ಬೆನ್ನುಹತ್ತುತ್ತಾರೆ. ಕಿವಿ ಶಕ್ತಿಯನ್ನು ಗುಣಿತಕ್ರಮದಲ್ಲಿ ಅಳೆಯುತ್ತದೆ: ಶಕ್ತಿ ಹತ್ತುಮಡಿಯಾದರೆ ಸದ್ದು ಸುಮಾರು ಇಮ್ಮಡಿಯಾದಂತೆ ಮಾತ್ರ ಕೇಳುತ್ತದೆ. 50 ವಾಟಿನ ಯಂತ್ರ 5 ವಾಟಿನದಕ್ಕಿಂತ ಎರಡರಷ್ಟು ಜೋರು, ಅಷ್ಟೆ. ಗಿಟಾರಿಗೆಂದೇ ರಚಿಸಿದ 12 ಅಂಗುಲದ ಒಳ್ಳೆಯ ಧ್ವನಿವರ್ಧಕಕ್ಕೆ ಒಂದೇ ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲಿಗೂ ಮಿಕ್ಕಿದ ಸದ್ದು ಬರುತ್ತದೆ. ನೆರೆಮನೆಯವರು ಬಾಗಿಲು ತಟ್ಟಲು ಅದು ಧಾರಾಳವಾಗಿ ಸಾಕು. ಮನೆಯ ಅಭ್ಯಾಸಕ್ಕೆ ದೊಡ್ಡ ಯಂತ್ರ ಕೊಳ್ಳುವವರು ಎಂದೂ ಬಳಸದ ಶಕ್ತಿಗೆ ಹಣ ತೆರುತ್ತಾರೆ. ಅದರ ಬದಲು, ಕೈಯಲ್ಲಿರುವ ಚಿಕ್ಕ ಆಂಪ್ಲಿಫಯರಿಗೆ ಹೊರಗಿನ ಧ್ವನಿವರ್ಧಕವನ್ನು ಕೂಡಿಸುವ ಅನುಕೂಲವಿದ್ದರೆ, ಹಳೆಯದಾದರೂ ಸರಿ, 10 ಅಥವಾ 12 ಅಂಗುಲದ್ದೊಂದನ್ನು ಕೂಡಿಸಿ ನೋಡಬೇಕು. ಅದರ ಓಮ್ ಸಂಖ್ಯೆ ಯಂತ್ರದ ಮೇಲೆ ಬರೆದುದಕ್ಕಿಂತ ಕಡಿಮೆಯಿರಕೂಡದು. ವಾಲ್ವಿನ ಯಂತ್ರವಾದರೆ ಬರೆದ ಸಂಖ್ಯೆಯೇ ಇರತಕ್ಕದ್ದು.

ಗಡುಸು ನಾದಕ್ಕಾಗಿ ಸಂಕೇತವನ್ನು ಬೇಕೆಂದೇ ವಿಕೃತಗೊಳಿಸುವ ಪದ್ಧತಿ ಈ ವಾದ್ಯದಲ್ಲುಂಟು. ಹೊಸಬರು ಆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಆಮೇಲೆ ಎಲ್ಲವೂ ಕಲಸಿಹೋಯಿತೆಂದು ಕೊರಗುತ್ತಾರೆ. ವಿಕೃತಿಯಲ್ಲಿ ಎರಡು ಸ್ವರಗಳು ಒಟ್ಟಿಗೆ ಹೊಕ್ಕರೆ ಅವುಗಳ ವ್ಯತ್ಯಾಸದ ಕಂಪನಾಂಕದ ಮೂರನೆಯ ಸ್ವರವೂ ಹುಟ್ಟುತ್ತದೆ. 110 ಮತ್ತು 165 ಕಂಪನಗಳ ಸ್ವರಗಳಾದರೆ, ಎಂದರೆ ಷಡ್ಜ ಪಂಚಮಗಳಾದರೆ, ವ್ಯತ್ಯಾಸ 55: ಅದು ಕೆಳಗಿನ ಸ್ಥಾಯಿಯ ಷಡ್ಜವೇ ಆದುದರಿಂದ ಇಂಪಾಗಿ ಬೆರೆಯುತ್ತದೆ. 110ರೊಡನೆ ಗಿಟಾರಿನ ಅಂತರಗಾಂಧಾರ, ಸುಮಾರು 138.6, ಸೇರಿದರೆ ವ್ಯತ್ಯಾಸ 28.6, ಇದು ಷಡ್ಜಕ್ಕೆ ಹೊಂದುವುದಿಲ್ಲ, ಮಡ್ಡಿಯಂತೆ ತಳದಲ್ಲಿ ಕದಡುತ್ತದೆ. ರಾಕ್ ಸಂಗೀತದವರು ಹೆಚ್ಚು ವಿಕೃತಿಯಲ್ಲಿ ಷಡ್ಜ ಪಂಚಮಗಳನ್ನಷ್ಟೇ ಜೋಡಿಸಿ ನುಡಿಸುವುದರ ಗುಟ್ಟು ಇದು. ಮೂರು ನಾಲ್ಕು ಸ್ವರಗಳನ್ನು ಸೇರಿಸಿ ನುಡಿಸಬೇಕೆಂದರೆ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಳಿಸದೆ ಗತ್ಯಂತರವಿಲ್ಲ.

ಧ್ವನಿವರ್ಧಕವನ್ನಿಡುವ ಜಾಗವೂ ಅಷ್ಟೇ ಮುಖ್ಯ. 3000 ಕಂಪನಗಳ ಶಬ್ದದ ತರಂಗದೂರ ಗಾಳಿಯಲ್ಲಿ ಸುಮಾರು 11 ಸೆಂಟಿಮೀಟರು. ತನಗಿಂತ ಅಗಲವಾದ ಬಾಯಿಂದ ಹೊರಡುವ ತರಂಗ ಹರಡದೆ ದೀಪದ ಕಿರಣದಂತೆ ನೇರವಾಗಿ ಸಾಗುತ್ತದೆ. ನೆಲದ ಮೇಲಿಟ್ಟ ಪೆಟ್ಟಿಗೆಯ ಮೇಲಿನ ಸ್ವರಗಳೆಲ್ಲ ವಾದಕನ ಮೊಣಕಾಲಿಗೆ ತಾಕುತ್ತವೆ. ಕಿವಿಗೆ ಮಂಕುನಾದ ಬರುತ್ತದೆಂದು ಅವನು ಗುಂಡಿಯನ್ನು ಏರಿಸುತ್ತಾನೆ. ಎದುರಿನಲ್ಲಿ ಕುಳಿತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, ಇಲ್ಲವೆ ಹಿಂದಕ್ಕೆ ವಾಲಿಸಿ, ಕಿವಿಗೆ ಗುರಿಮಾಡಿ, ಆಮೇಲೆ ಗುಂಡಿಗಳನ್ನು ಹೊಂದಿಸತಕ್ಕದ್ದು. ಚಿಕ್ಕ ಪೆಟ್ಟಿಗೆಯನ್ನು ಗೋಡೆಗೆ ಸಮೀಪಿಸಿದರೆ, ಮೂಲೆಗೆ ಇನ್ನೂ ಸಮೀಪಿಸಿದರೆ, ತಗ್ಗುಸ್ವರಗಳು ಬಲಗೊಳ್ಳುತ್ತವೆ. ಸಿಮೆಂಟಿನ ಗೋಡೆ, ನುಣುಪು ನೆಲದ ನಮ್ಮ ಬರಿಗೋಣೆಗಳಲ್ಲಿ ಹೆಚ್ಚುಸ್ವರಗಳು ಪುಟಿದು ಪುಟಿದು ಕರ್ಕಶವಾಗುತ್ತವೆ. ಎದುರುಗೋಡೆಗೆ ಒಂದು ದಪ್ಪ ಕೌದಿಯನ್ನು ಇಳಿಬಿಟ್ಟರೆ ಆ ಕಾರ್ಕಶ್ಯ ಗಣನೀಯವಾಗಿ ತಗ್ಗುತ್ತದೆ. ಕೌದಿ ಸದ್ದನ್ನು ನೆರೆಮನೆಗೆ ಹೋಗದಂತೆ ತಡೆಯುವುದೆಂದು ಮಾತ್ರ ಯಾರೂ ನಂಬಬಾರದು.

ಕಿವಿಯಲ್ಲೂ ಒಂದು ವಿಚಿತ್ರವಿದೆ. 1933ರಲ್ಲಿ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು, ಸದ್ದು ಇಳಿದಂತೆಲ್ಲ ಕಿವಿ ತಗ್ಗುಸ್ವರಗಳಿಗೆ ಹೆಚ್ಚು ಹೆಚ್ಚು ಕಿವುಡಾಗುತ್ತದೆಂದು ಅಳೆದು ತೋರಿಸಿದರು. 1000 ಕಂಪನಗಳ ಸ್ವರವನ್ನು 40 ಡೆಸಿಬೆಲಿನಲ್ಲಿ ಮೆಲ್ಲನೆ ನುಡಿಸಿದಾಗ, ಅಷ್ಟೇ ಜೋರಾಗಿ ಕೇಳಲು 100 ಕಂಪನಗಳ ಸ್ವರ ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡೆಸಿಬೆಲ್ ಬಲವಾಗಿರಬೇಕಾಗುತ್ತದೆ. ಜೋರಾದ ಸದ್ದಿನಲ್ಲಿ ಈ ಅಂತರ ಬಹಳ ಕಿರಿದಾಗುತ್ತದೆ. ಸಭಾಂಗಣದ ಜೋರುಸದ್ದಿಗೆ ಹೊಂದಿಸಿದ ಗುಂಡಿಗಳ ಸ್ಥಾನವನ್ನು ನಡುರಾತ್ರಿ ಮನೆಯಲ್ಲಿ ಅನುಕರಿಸಿದರೆ ನಾದ ತೆಳ್ಳಗಾಗುವುದು ಇದರಿಂದಲೇ. ಗಿಟಾರಿನದಾಗಲಿ ಆಂಪ್ಲಿಫಯರಿನದಾಗಲಿ ತಪ್ಪೇನೂ ಇರುವುದಿಲ್ಲ. ಮೆಲ್ಲನೆ ನುಡಿಸುವಾಗ ತಗ್ಗುಸ್ವರದ ಗುಂಡಿಯನ್ನು ಸಂಕೋಚವಿಲ್ಲದೆ ಏರಿಸಬೇಕು. ಜೋರಾಗಿ ನುಡಿಸುವಾಗ ಮತ್ತೆ ಇಳಿಸಬೇಕು.

ಉಳಿದುದು ಗುಂಯ್ ಎನ್ನುವ ಹಿನ್ನೆಲೆಯ ಸದ್ದು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುವಂಥದು. ಅದು ಸುತ್ತಲೂ ಹರಡುವ ಕಾಂತಕ್ಷೇತ್ರವನ್ನು ಪಿಕಪ್ಪಿನ ಸುರುಳಿ ತಪ್ಪದೆ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ, ತಂತಿಯ ಸಂಕೇತ ಕೂಡುವಂತೆಯೂ ಹೊರಗಿನ ಗುಂಯ್‌ಕಾರ ಕಳೆಯುವಂತೆಯೂ ಮಾಡಿದ. ಒಂಟಿ ಸುರುಳಿಯ ವಾದ್ಯವುಳ್ಳವರು ಯಂತ್ರದ ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿದು, ಕುಳಿತ ದಿಕ್ಕನ್ನು ನಿಧಾನವಾಗಿ ತಿರುಗಿಸಿ ನೋಡಲಿ. ಒಂದು ಕೋನದಲ್ಲಿ ಗುಂಯ್‌ಕಾರ ಬಹುಪಾಲು ಅಡಗುತ್ತದೆ. ಆದರೆ ಅದನ್ನು ನಿಲ್ಲಿಸಲೆಂದು ಕೆಲವರು ಪ್ಲಗ್ಗಿನ ಮೂರನೆಯ, ಭೂಸಂಪರ್ಕದ ಕಡ್ಡಿಯನ್ನು ಕಳಚಿಬಿಡುವುದುಂಟು. ಗಿಟಾರಿನ ಲೋಹದ ತಂತಿಗಳು ಕೇಬಲಿನ ಕವಚದ ಮೂಲಕ ಯಂತ್ರದ ಲೋಹದ ಒಡಲಿಗೆ ಕೂಡಿಕೊಂಡಿರುತ್ತವೆ. ಆ ಒಡಲಿಗೆ ಸೋರಿಬಂದ ವಿದ್ಯುತ್ತು ಭೂಮಿಗೆ ಇಳಿಯಲು ದಾರಿಯಿಲ್ಲದಿದ್ದರೆ ವಾದಕನ ದೇಹವನ್ನೇ ಹಾಯುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರುವಾದಕ, ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟ. ಹಳೆಯ ಮನೆಗಳಲ್ಲಿ ಗೋಡೆಯ ಮೂರನೆಯ ರಂಧ್ರ ಬರಿಯ ತೋರಿಕೆಯದಾಗಿದ್ದು ಅದರ ಹಿಂದೆ ತಂತಿಯೇ ಇಲ್ಲದಿರುವುದೂ ಉಂಟು. ಪರಿಣತನಾದ ಕೆಲಸಗಾರನನ್ನು ಕರೆಸಿ ಅದನ್ನು ಪರೀಕ್ಷಿಸಿ ಸರಿಪಡಿಸಿದ ಮೇಲೆಯೇ ಆಂಪ್ಲಿಫಯರನ್ನು ಅದಕ್ಕೆ ಕೂಡಿಸಬೇಕು. ವಾಲ್ವಿನ ಯಂತ್ರಗಳ ಒಳಗಿನ ಧಾರಕಗಳಲ್ಲಿ ಪ್ಲಗ್ಗನ್ನು ಕಿತ್ತ ಮೇಲೂ ನೂರಾರು ವೋಲ್ಟುಗಳು ಉಳಿದಿರುತ್ತವೆ. ಅವುಗಳ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಕೂಡದು.